ದೇಹವೂ ಒಂದು ಅಮಾನತ್



'ಆಯುಷ್ಯ ಅಲ್ಲಾಹನ ಕೈಯಲ್ಲಿದೆ. ಹಾಗಿರುವಾಗ ಊಟದಲ್ಲಿ ಹಿಡಿತವೇಕೆ?' ಎಂದು ಕೇಳುವವರಿದ್ದಾರೆ. ಮರಣದ ಗಳಿಗೆ ನಿಶ್ಚಿತವೆಂಬುದು ನಮ್ಮ ವಿಶ್ವಾಸ. ಆದರೆ ಹಝ್ರತ್ ಉಮರ್(ರ), ಸಿರಿಯಾದಲ್ಲಿ ಪ್ಲೇಗ್ ಹರಡಿದೆಯೆಂದು ತಿಳಿದಾಗ ಸಂಗಡಿಗರೊಂದಿಗೆ ದಾರಿಯಿಂದಲೇ ಹಿಂದಿರುಗಿದರು. ವಿಧಿಯಿಂದ ಓಡುತ್ತಿದ್ದೀರಾ ಎಂದು ಕೇಳಿದವರಿಗೆ, ತಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿರುವುದಾಗಿ ತಿಳಿಸಿದರು. ಅಪಾಯ ಕಂಡೂ ಅದರೊಳಗೆ ನುಗ್ಗುವುದು ತವಕ್ಕುಲ್ ಅಲ್ಲ.

ಬೊಜ್ಜು ಅಂತಹ ಒಂದು ಅಪಾಯ. ಹೊಟ್ಟೆಯೊಳಗೆ ಶೇಖರವಾಗುವ ಕೊಬ್ಬು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತ, ಲಕ್ವ ಒಂದರ ಹಿಂದೆ ಒಂದು ಬರತೊಡಗುತ್ತವೆ. ಮಂಡಿ ಸವೆದು ಸುಜೂದ್ ಮಾಡುವುದೂ ಕಷ್ಟವಾಗುತ್ತದೆ. ಸುಮಾರು 9 ಲಕ್ಷ ಜನರನ್ನು ಕುರಿತು 2009ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಾಧಾರಣ ಬೊಜ್ಜು ಸರಾಸರಿ 2ರಿಂದ 4 ವರ್ಷ, ತೀವ್ರ ಬೊಜ್ಜು 8ರಿಂದ 10 ವರ್ಷ ಆಯುಷ್ಯವನ್ನು ಕುಗ್ಗಿಸುತ್ತದೆ. ತೀವ್ರ ಬೊಜ್ಜಿನ ಹಾನಿ ಜೀವನವಿಡೀ ಬೀಡಿ ಸಿಗರೇಟು ಸೇದುವವನ ಹಾನಿಗೆ ಸಮ.

ಇದು ಶ್ರೀಮಂತರ ಕಾಯಿಲೆಯೆಂದು ಸುಮ್ಮನಿರಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಅಧಿಕ ತೂಕದ ಮಹಿಳೆಯರು 2015-16ರಲ್ಲಿ ನೂರಕ್ಕೆ 23 ಇದ್ದರೆ, 2019-20ರ ವೇಳೆಗೆ 30 ಆಗಿದ್ದರು. ಪುರುಷರು 22ರಿಂದ 31ಕ್ಕೆ ಏರಿದ್ದರು. ಚಿಂಚೋಳಿ ತಾಲೂಕಿನ ಚಿಮ್ಮನಚೋಡದಂತಹ ಊರುಗಳನ್ನೇ ನೋಡಿ. ದಿನವಿಡೀ ತೊಗರಿ ಹೊಲದಲ್ಲಿ ದುಡಿದು ಬಂದವನಿಗೆ ಜೋಳದ ರೊಟ್ಟಿ, ಬೇಳೆ, ಪಲ್ಯ ಬಲವಾಗಿತ್ತು. ಟ್ರ್ಯಾಕ್ಟರ್, ಮೋಟಾರು ಸೈಕಲ್ ಬಂದು ಮೈಯ ದುಡಿಮೆ ಇಳಿಯಿತು. ತಟ್ಟೆ ಮಾತ್ರ ಇಳಿಯಲಿಲ್ಲ. ದಾವತ್‌ನಲ್ಲಿ ಸಾಕೆಂದವರಿಗೂ ಆಣೆ ಹಾಕಿ ಬಿರಿಯಾನಿ ಬಡಿಸುತ್ತೇವೆ. ಉಪವಾಸದ ತಿಂಗಳಲ್ಲಿಯೇ ಎಣ್ಣೆಯಲ್ಲಿ ಕರಿದ ತಿಂಡಿ ಹೆಚ್ಚುತ್ತದೆ.

ಪ್ರವಾದಿವರ್ಯರು(ಸ) ಬೆನ್ನು ನೆಟ್ಟಗಿರಿಸುವಷ್ಟು ಆಹಾರ ಸಾಕೆಂದು ಕಲಿಸಿದರು. ಹೆಚ್ಚು ತಿನ್ನಲೇಬೇಕಿದ್ದರೆ ಹೊಟ್ಟೆಯ ಮೂರನೇ ಒಂದಂಶ ಆಹಾರಕ್ಕೆ, ಒಂದಂಶ ನೀರಿಗೆ, ಒಂದಂಶ ಉಸಿರಿಗೆ ಎಂದರು. ಈ ಸುನ್ನತ್‌ಗೆ ಖರ್ಚಿಲ್ಲ.

ಇಂದೇ ಒಂದು ಟೇಪು ತೆಗೆದುಕೊಂಡು ಸೊಂಟದ ಸುತ್ತಳತೆ ನೋಡಿ. ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರ್ ದಾಟಿದ್ದರೆ ಎಚ್ಚರಿಕೆ ಬೇಕು. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಿರಿ; ಮಸೀದಿಗೆ ಕಾಲ್ನಡಿಗೆಯಲ್ಲೇ ಹೋಗಿರಿ. ಮನೆಯ ಹೆಂಗಸರಿಗೂ ನಡೆಯಲು ಸಮಯ, ಅವಕಾಶ ಮಾಡಿಕೊಡಿರಿ. ದಪ್ಪಗಿರುವವರನ್ನು ಮಾತ್ರ ಹಾಸ್ಯ ಮಾಡಬೇಡಿ. ಕೆಲವರಿಗೆ ಕಾಯಿಲೆಯಿಂದ, ಔಷಧಿಯಿಂದ ಮೈ ಬರುತ್ತದೆ; ಪರಿಹಾಸ್ಯವಂತೂ ಪಾಪವೇ.

ನಾಳೆ ಅಲ್ಲಾಹನು ಕೇಳುವುದು ಎಷ್ಟು ವರ್ಷ ಬದುಕಿದೆ ಎಂದಲ್ಲ, ಆ ಆಯುಷ್ಯವನ್ನೂ ದೇಹವನ್ನೂ ಯಾವುದರಲ್ಲಿ ಸವೆಸಿದೆ ಎಂದು. ಉತ್ತರ ಕೊಡಬಲ್ಲವರ ಸಾಲಿನಲ್ಲಿ ಅವನು ನಮ್ಮನ್ನು ಸೇರಿಸಲಿ. ಆಮೀನ್.