ತಾಯಿಯ ಬೆರಳಚ್ಚು

ಕೊಲೆಯಾದ ಮನೆಗೆ ಸೋಕೊ, ಅಂದರೆ ಸೀನ್ ಆಫ್ ಕ್ರೈಮ್ ಆಫೀಸರ್, ಕಾಲಿಡುವ ಹೊತ್ತಿಗೆ ಬೀದಿಯವರು ತೀರ್ಪು ಕೊಟ್ಟು ಮುಗಿಸಿರುತ್ತಾರೆ. ಗಂಡನದೇ ಕೆಲಸ. ಇಲ್ಲಾ, ಆ ಸಾಲ ಕೊಟ್ಟವನದು. ಒಳಗೆ ಹೋದವರಿಗೆ ಮಾತ್ರ ಅಷ್ಟು ಸಲೀಸಾಗಿ ಹೇಳಿಬಿಡುವ ಹಕ್ಕಿಲ್ಲ.

ಬೀರುವಿನ ಬಾಗಿಲಿಗೆ ಪುಡಿ ಹಾಕಿ ಮೆತ್ತನೆಯ ಬ್ರಷ್ ಆಡಿಸಿದರೆ ಬೆರಳಿನ ಗೆರೆಗಳು ಏಳುತ್ತವೆ. ಅದನ್ನು ಟೇಪಿನಲ್ಲಿ ಎತ್ತಿಕೊಳ್ಳುತ್ತಾರೆ. ಯಾರದೆಂದು ಹೇಳಬಹುದು, ಯಾವತ್ತಿನದೆಂದು ನೆಚ್ಚಿ ಹೇಳಲಾಗದು. ಮೊನ್ನೆ ಸೀರೆ ಮಡಿಸಿಟ್ಟ ಕೈಯೂ ರಾತ್ರಿ ಚಾಕು ಹಿಡಿದ ಕೈಯೂ ಪುಡಿಗೆ ಒಂದೇ. ಅದಕ್ಕೇ ಮನೆಯವರೆಲ್ಲರ ಬೆರಳಚ್ಚೂ ಬೇಕು. ಮಗಳ ದೇಹ ಇನ್ನೂ ಶವಾಗಾರದಲ್ಲಿರುವಾಗಲೇ ತಾಯಿಗೆ ‘ಕೈ ಕೊಡಿ’ ಎನ್ನಬೇಕು. “ನನ್ನ ಮೇಲೇ ಅನುಮಾನವೇನಪ್ಪಾ?” ಎಂದು ಆಕೆ ಕೇಳಿದರೆ, “ಇಲ್ಲಮ್ಮ, ನಿಮ್ಮದನ್ನು ಬಿಟ್ಟು ಉಳಿದದ್ದನ್ನು ಹುಡುಕಬೇಕು” ಎನ್ನುತ್ತಾರೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಯಾರನ್ನೂ ಮೊದಲೇ ಲೆಕ್ಕದಿಂದ ತೆಗೆಯುವಂತಿಲ್ಲ.

ಇದನ್ನು ಕಲ್ಲುಮನಸ್ಸು ಎನ್ನುವವರಿದ್ದಾರೆ. ನನಗೆ ಹಾಗನ್ನಿಸದು. ಅಯ್ಯೋ ಪಾಪ ಎಂದು ಒಬ್ಬರನ್ನು ಬಿಟ್ಟರೆ ಆ ಕರುಣೆಯ ಸಾಲ ತೀರಿಸಬೇಕಾದವನು ಬೇರೊಬ್ಬ, ಸಾಮಾನ್ಯವಾಗಿ ಒಳ್ಳೆಯ ವಕೀಲನನ್ನಿಡಲು ಗತಿಯಿಲ್ಲದವನು. ಅನ್ಯಾಯವಾಗಲು ದುರುದ್ದೇಶವೇ ಬೇಕೆಂದೂ ಇಲ್ಲ. ರಕ್ತವಾದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕಬೇಕು. ಮನೆಗೆ ಹೋಗುವ ಅವಸರದಲ್ಲಿ ಹಸಿಯಾಗಿಯೇ ಪ್ಲಾಸ್ಟಿಕ್ಕಿಗೆ ತುರುಕಿದರೆ ಬೂಷ್ಟು ಹಿಡಿದು ಡಿಎನ್‌ಎ ಕೆಡುತ್ತದೆ. ಒಬ್ಬನನ್ನು ಜೈಲಿನಿಂದ ಬಿಡಿಸಬಹುದಾಗಿದ್ದ ಸಾಕ್ಷಿ ಅದೇ ಇರಬಹುದು.

1910ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಪೊಲೀಸ್ ಪ್ರಯೋಗಾಲಯ ತೆರೆದ ಎಡ್ಮಂಡ್ ಲೊಕಾರ್ಡ್ ಕಲಿಸಿದ ಪಾಠ ಪ್ರಸಿದ್ಧ: ಬಂದವನು ಏನನ್ನೋ ಬಿಟ್ಟುಹೋಗುತ್ತಾನೆ, ಏನನ್ನೋ ಒಯ್ಯುತ್ತಾನೆ. ತನಿಖೆಗೆ ಬಂದವರಿಗೂ ಇದು ತಪ್ಪಿದ್ದಲ್ಲ. ಅವರ ಕೂದಲು ಅಲ್ಲಿ ಬೀಳದಿರಲೆಂದೇ ತಲೆಗೆ ಟೋಪಿ, ಕೈಗೆ ಗ್ಲೌಸು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎನ್ನುತ್ತದೆ. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ಆಗಲಿ. ಆದರೆ ಮಹಜರು ಬರೆದು, ಅರಗಿನ ಮುದ್ರೆ ಒತ್ತಿ ಎಲ್ಲರೂ ಹೊರಟ ಮೇಲೆ ಗೋಡೆಯ ಕರಿ ಪುಡಿ, ನೆಲದ ರಕ್ತ ಅಲ್ಲೇ ಇರುತ್ತವೆ. ಉಜ್ಜುವವರು ಮನೆಯವರೇ, ಇಲ್ಲವೇ ಪಕ್ಕದ ಮನೆಯವರು. ಅಷ್ಟು ಹೊತ್ತು ತಡೆಹಿಡಿದ ಕರುಣೆಗೆ ಇಲ್ಲಾದರೂ ಜಾಗವಿರಬೇಕಿತ್ತು. ಮನೆಯ ಬೀಗದ ಕೈ ಹಿಂದಿರುಗಿಸುವ ದಿನ ಠಾಣೆಯೇ ಫಿನಾಯಿಲ್ ಸಮೇತ ಇಬ್ಬರು ಆಳುಗಳನ್ನು ಕಳಿಸಿದರೆ ಯಾವ ತನಿಖೆಯೂ ಕೆಡುವುದಿಲ್ಲ.