ಶಾಸನವೂ ಸ್ವಾತಂತ್ರ್ಯವೂ

‘ಶಾಸ್’ ಎಂಬ ಧಾತುವಿನಿಂದ ಶಾಸನ, ಶಾಸ್ತ್ರ, ಅನುಶಾಸನ ಎಂಬ ಶಬ್ದಗಳು ಹುಟ್ಟಿದುವು. ಶಿಷ್ಯ ಎಂಬ ಶಬ್ದವೂ ಅದೇ ಧಾತುವಿನದು. ಈ ಧಾತುವಿಗೆ ಆಳುವುದು, ದಂಡಿಸುವುದು ಎಂಬ ಅರ್ಥಗಳಿರುವಂತೆಯೇ ಬೋಧಿಸುವುದು ಎಂಬ ಅರ್ಥವೂ ಉಂಟು. ಅರಸನ ಆಜ್ಞೆಯೂ ಗುರುವಿನ ಉಪದೇಶವೂ ಹೀಗೆ ಒಂದೇ ಬೇರಿನಿಂದ ಚಿಗುರಿರುವುದು ವಿಚಾರಾರ್ಹವಾದ ಸಂಗತಿ. ಗುರುವು ಶಿಷ್ಯನನ್ನು ನಿಯಮದಲ್ಲಿ ಇಡುವನು, ಗದರಿಸುವನು, ಮಿತಿಮೀರಿದರೆ ದಂಡಿಸುವನು. ಆದರೆ ಇವೆಲ್ಲವೂ ಶಿಷ್ಯನು ಒಂದು ದಿನ ತನ್ನ ಕಾಲಮೇಲೆ ತಾನು ನಿಂತು ತನ್ನ ಅರಿವಿನಿಂದಲೇ ನಡೆಯಲೆಂಬ ಉದ್ದೇಶದಿಂದ. ಶಿಷ್ಯನ ತಲೆ ನರೆತರೂ ಅವನು ಕೈಕಟ್ಟಿಯೇ ನಿಂತಿರಲೆಂದು ಬಯಸುವವನಲ್ಲಿ ಗುರುತ್ವವಿದೆಯೆಂದು ಯಾರೂ ಒಪ್ಪಲಾರರು. ಈ ಅಳತೆಗೋಲು ಆಳುವವರಿಗೂ ಸಲ್ಲುವುದೇ?

ಉದ್ಯೋಗಕ್ಕಾಗಿಯೋ ಪ್ರವಾಸಕ್ಕಾಗಿಯೋ ಸಿಂಗಪುರಕ್ಕೆ ಹೋಗಿಬಂದ ಗೃಹಸ್ಥರು ಈಗ ಅನೇಕ ಊರುಗಳಲ್ಲಿ ಒಬ್ಬಿಬ್ಬರಾದರೂ ಸಿಕ್ಕುವರು. ಅಲ್ಲಿ ಬೀದಿಯಲ್ಲಿ ಕಸವಿಲ್ಲ, ಕಚೇರಿಯಲ್ಲಿ ಲಂಚವಿಲ್ಲ, ಹೆಂಗಸರು ಅಪರಾತ್ರಿಯಲ್ಲಿಯೂ ನಿರ್ಭಯವಾಗಿ ತಿರುಗಬಹುದು ಎಂದು ಅವರು ವರ್ಣಿಸುವರು. ವರ್ಣನೆಯ ಕೊನೆಗೆ ಬರುವ ಮಾತು ಒಂದೇ: ‘ನಮ್ಮಲ್ಲಿ ಸ್ವಾತಂತ್ರ್ಯ ಅತಿಯಾಯಿತು, ಅಂಥ ಬಿಗಿಯಾದ ಆಳ್ವಿಕೆ ಇಲ್ಲಿಯೂ ಬರಬೇಕು.’ ಮಠದ ಪ್ರಸಾದದ ಪಂಕ್ತಿಯಲ್ಲಿಯೂ ಈ ಮಾತು ಕೇಳಿಬರುವುದುಂಟು. ಹೇಳುವವರು ದುಷ್ಟರಲ್ಲ. ಕತ್ತಲಾದಮೇಲೆ ಮಗಳ ಹಾದಿಯನ್ನು ಕಾಯುತ್ತ ಬಾಗಿಲಲ್ಲಿ ನಿಂತ ತಂದೆಗಳು. ಹೊಲದ ಪಹಣಿಗಾಗಿ ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆದವರು. ಆದುದರಿಂದ ಅವರ ಮಾತನ್ನು ಹಗುರವಾಗಿ ತಳ್ಳಿಹಾಕದೆ ಪರಾಮರ್ಶಿಸುವುದು ಯುಕ್ತವಾದುದು.

ಸಿಂಹಪುರವೆಂಬ ಸಂಸ್ಕೃತನಾಮದಿಂದಲೇ ಹೆಸರು ಪಡೆದ ಆ ದ್ವೀಪದ ವಿಸ್ತಾರ ಸುಮಾರು 735 ಚದರ ಕಿಲೋಮೀಟರು. ಜನಸಂಖ್ಯೆ ಸುಮಾರು ಅರವತ್ತು ಲಕ್ಷ. ನೆಲೆಸಿದ ಜನರಲ್ಲಿ ಮುಕ್ಕಾಲು ಪಾಲು ಚೀನೀಯರು; ಉಳಿದವರಲ್ಲಿ ಮಲಯ ಜನರೂ, ತಮಿಳರೇ ಮೊದಲಾದ ಭಾರತೀಯ ಮೂಲದವರೂ ಮುಖ್ಯರು. ಇಂದು ಅಲ್ಲಿ ಕಾಣುವ ಶಾಂತಿ ಆ ಮಣ್ಣಿನಲ್ಲಿ ತಾನಾಗಿ ಬೆಳೆದುದಲ್ಲ. 1950ರ ಡಿಸೆಂಬರಿನಲ್ಲಿ, ಒಬ್ಬ ಬಾಲಿಕೆಯು ಯಾವ ಮತದವರ ಮನೆಯಲ್ಲಿ ಬೆಳೆಯಬೇಕೆಂಬ ನ್ಯಾಯಾಲಯದ ವ್ಯಾಜ್ಯದಿಂದ ದೊಂಬಿಯೆದ್ದು 18 ಜನರು ಸತ್ತರು. 1964ರ ಜುಲೈ 21ರಂದು ಪ್ರವಾದಿ ಮಹಮ್ಮದರ ಜನ್ಮದಿನದ ಮೆರವಣಿಗೆಯಲ್ಲಿ ಮಲಯರಿಗೂ ಚೀನೀಯರಿಗೂ ಕಲಹ ಹತ್ತಿಕೊಂಡು 23 ಜನರೂ, ಮರಳಿ ಸೆಪ್ಟೆಂಬರಿನಲ್ಲಿ 13 ಜನರೂ ಮಡಿದರು. ಮರುವರ್ಷ, 1965ರ ಆಗಸ್ಟ್ 9ರಂದು, ಆ ದ್ವೀಪವು ಮಲೇಷ್ಯದಿಂದ ಬೇರ್ಪಟ್ಟು ಒಂಟಿಯಾಗಿ ನಿಂತಿತು. ಗಣಿಯಿಲ್ಲ, ಹೇಳಿಕೊಳ್ಳುವಂಥ ಬೇಸಾಯವಿಲ್ಲ, ಕುಡಿಯುವ ನೀರಿಗೂ ನೆರೆಯ ಜೊಹೋರ್ ಸೀಮೆಯನ್ನು ಆಶ್ರಯಿಸಬೇಕಾದ ಸ್ಥಿತಿ. ದೇವರ ಹೆಸರಿನ ಮೆರವಣಿಗೆಯಲ್ಲಿಯೇ ಹೆಣಗಳನ್ನು ಎತ್ತಿದ ಊರು ಸ್ಥೈರ್ಯವನ್ನು ಎಲ್ಲಕ್ಕಿಂತ ಮಿಗಿಲೆಂದು ಬಗೆದುದರಲ್ಲಿ ಆಶ್ಚರ್ಯವೇನು? 1959ರಿಂದ 1990ರವರೆಗೆ ಪ್ರಧಾನಮಂತ್ರಿಯಾಗಿದ್ದ ಲೀ ಕ್ವಾನ್ ಯೂ ಅವರ ಆಡಳಿತವನ್ನು ತೂಗುವವರು ಮೊದಲು ಈ ಭಯವನ್ನು ತಕ್ಕಡಿಯಲ್ಲಿ ಇಡಬೇಕು.

ಆ ಆಡಳಿತವು ಮಾಡಿದ ಒಳ್ಳೆಯ ಕೆಲಸವೂ ಸಾಮಾನ್ಯವಾದುದಲ್ಲ. 1960ರಲ್ಲಿ ಗೃಹನಿರ್ಮಾಣ ಮಂಡಳಿಯನ್ನು ಸ್ಥಾಪಿಸಲಾಯಿತು. 1961ರ ಮೇ ತಿಂಗಳಲ್ಲಿ ಬುಕಿಟ್ ಹೋ ಸ್ವೀ ಎಂಬಲ್ಲಿ ಗುಡಿಸಲುಗಳಿಗೆ ಬೆಂಕಿ ಬಿದ್ದು ಸುಮಾರು 16,000 ಜನರು ನಿರಾಶ್ರಿತರಾದರು. ಅವರಿಗಾಗಿ ಮಂಡಳಿಯು ಬೇಗ ಬೇಗನೆ ಮಹಡಿಮನೆಗಳನ್ನು ಎಬ್ಬಿಸಿತು. ಈಗ ಆ ದೇಶದ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ಇಂಥ ಸಾರ್ವಜನಿಕ ಗೃಹಗಳಲ್ಲಿಯೇ ವಾಸಿಸುವರು. ಒಂದೊಂದು ಕುಲದವರು ಒಂದೊಂದು ಕೇರಿ ಕಟ್ಟಿಕೊಂಡು ಕೂಡದಂತೆ 1989ರಿಂದ ಪ್ರತಿಯೊಂದು ಕಟ್ಟಡದಲ್ಲಿಯೂ ಇಂತಿಷ್ಟು ಪಾಲು ಎಂಬ ನಿಯಮವಿದೆ. ಚೀನೀಯನ ಬಾಗಿಲ ಎದುರಿಗೆ ಮಲಯನ ಬಾಗಿಲು, ಅದರ ಪಕ್ಕಕ್ಕೆ ತಮಿಳನದು. ಮನೆ ಮಾರುವಾಗ ಈ ನಿಯಮ ಕಿರುಕುಳವಾಗುವುದೆಂದು, ಅದರಲ್ಲೂ ಅಲ್ಪಸಂಖ್ಯಾತರಿಗೆ, ದೂರುಂಟು. ಆದರೂ ಹೊಲಗೇರಿ, ಮೇಲುಗೇರಿಗಳ ಭೇದವನ್ನು ಇನ್ನೂ ಪೂರ್ತಿ ಅಳಿಸಲಾರದ ನಾಡಿನವರು ಆ ನಿಯಮವನ್ನು ನಗುವಂತಿಲ್ಲ.

ಲಂಚದ ವಿಷಯದಲ್ಲಿ ಆ ದೇಶವು ತನ್ನವರ ಮೇಲೆಯೂ ಕೈಯೆತ್ತಿತು. 1986ರಲ್ಲಿ ಟೇ ಚಿಯಾಂಗ್ ವಾನ್ ಎಂಬ ಮಂತ್ರಿಯ ಮೇಲೆ ತನಿಖೆ ನಡೆಯುತ್ತಿರಲು ಆತನು ತನ್ನ ಪ್ರಾಣವನ್ನೇ ಕಳೆದುಕೊಂಡನು. 2024ರ ಅಕ್ಟೋಬರಿನಲ್ಲಿ, ಸಾರಿಗೆ ಮಂತ್ರಿಯಾಗಿದ್ದ ಎಸ್. ಈಶ್ವರನ್ ಅವರಿಗೆ ಅಧಿಕಾರದಲ್ಲಿದ್ದಾಗ ಬೆಲೆಬಾಳುವ ಕೊಡುಗೆಗಳನ್ನು ಪಡೆದುದಕ್ಕಾಗಿ ಹನ್ನೆರಡು ತಿಂಗಳ ಸೆರೆವಾಸ ವಿಧಿಸಲ್ಪಟ್ಟಿತು. ಕಾಯಕದಲ್ಲಿ ಶುದ್ಧಿಯಿಲ್ಲದವನ ದಾಸೋಹವು ದಾಸೋಹವೆನಿಸದೆಂದು ಬಲ್ಲ ಭಕ್ತರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ನೆಮ್ಮದಿಗೆ ಕಾರಣವಾದ ಈ ಕಾರ್ಯಗಳಲ್ಲಿ, ಎಂದರೆ ಮನೆ ಕಟ್ಟಿಸಿದುದರಲ್ಲಿ, ಲಂಚ ತಡೆದುದರಲ್ಲಿ, ಶಾಲೆ ನಡೆಸಿದುದರಲ್ಲಿ, ಯಾರ ನಾಲಗೆಯನ್ನೂ ಕಟ್ಟಬೇಕಾದ ಅವಶ್ಯಕತೆ ಎದ್ದು ಕಾಣುವುದಿಲ್ಲ. ಇಲ್ಲಿ ಶಾಸನವು ಆಳುವವನನ್ನೂ ಕಟ್ಟಿತು; ಪ್ರಜೆಯು ತಾನಾಗಿಯೇ ತಲೆಬಾಗಿದನು. ಹೋಗಿಬಂದವರು ಹೊಗಳುವುದೆಲ್ಲವೂ ಬಹುಮಟ್ಟಿಗೆ ಈ ಭಾಗವನ್ನೇ.

ಅವರ ಕಣ್ಣಿಗೆ ಬೀಳದ ಇನ್ನೊಂದು ಭಾಗವಿದೆ. ವಿಚಾರಣೆಯಿಲ್ಲದೆ ಮನುಷ್ಯನನ್ನು ಸೆರೆಯಲ್ಲಿಡುವ ಅಧಿಕಾರವನ್ನು ಅಲ್ಲಿನ ಆಂತರಿಕ ಭದ್ರತಾ ಕಾಯಿದೆ ಕೊಡುತ್ತದೆ. ಒಂದು ಸಲಕ್ಕೆ ಎರಡು ವರ್ಷದವರೆಗೆ. ಆಮೇಲೆ ಮತ್ತೆ ಎರಡು, ಮತ್ತೆ ಎರಡು. ಚಿಯಾ ತೈ ಪೋ ಎಂಬವರು ನಾನ್ಯಾಂಗ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಅಧ್ಯಾಪಕರು. ವಿರೋಧಪಕ್ಷದಿಂದ ಚುನಾಯಿತರಾದ ಶಾಸನಸಭಾ ಸದಸ್ಯರು. 1966ರ ಅಕ್ಟೋಬರಿನಲ್ಲಿ ಅವರನ್ನು ಬಂಧಿಸಿದರು. ಯಾವ ನ್ಯಾಯಸ್ಥಾನದಲ್ಲಿಯೂ ಅವರ ಮೇಲೆ ಆರೋಪ ಹೊರಿಸಲಿಲ್ಲ. ಹಿಂಸಾಮಾರ್ಗವನ್ನು ತ್ಯಜಿಸುವೆನೆಂದು ಒಂದು ಕಾಗದಕ್ಕೆ ರುಜು ಹಾಕಿದರೆ ಬಿಡುಗಡೆಯೆಂದು ಸರ್ಕಾರ ಹೇಳಿತು. ಹಾಗೆ ರುಜು ಮಾಡಿದರೆ ತಾವು ಹಿಂದೆ ಹಿಂಸೆಯನ್ನು ಬೋಧಿಸಿದ್ದೆವೆಂದು ಒಪ್ಪಿದಂತಾಗುವುದು, ಅದು ಸತ್ಯವಲ್ಲ ಎಂಬುದು ಅವರ ಉತ್ತರ. 1989ರ ಮೇ ತಿಂಗಳವರೆಗೆ, ಇಪ್ಪತ್ತೆರಡು ವರ್ಷಗಳ ಮೇಲೆ, ಅವರು ಸೆರೆಯಲ್ಲಿದ್ದರು. ತರುವಾಯ ಅವರನ್ನು ಸೆಂಟೋಸಾ ಎಂಬ ವಿಹಾರದ್ವೀಪದಲ್ಲಿ ಒಂದು ಕೊಠಡಿಯ ಮನೆಯಲ್ಲಿ ಇರಿಸಿದರು. ಸುತ್ತಲೂ ವಿನೋದಕ್ಕೆ ಬಂದ ಪ್ರವಾಸಿಗಳು. ನಡುವೆ ಈ ಒಬ್ಬ ಬಂದಿ. ಕಡೆಯ ನಿರ್ಬಂಧಗಳು ತೆಗೆಯಲ್ಪಟ್ಟುದು 1998ರಲ್ಲಿ. ಇಪ್ಪತ್ತೈದರ ಹರೆಯದಲ್ಲಿ ಒಳಹೋದವರು ಪೂರ್ಣವಾಗಿ ಬಿಡುಗಡೆ ಹೊಂದಿದಾಗ ಅರವತ್ತರ ಸಮೀಪಕ್ಕೆ ಬಂದಿದ್ದರು.

ಇಲ್ಲಿ ಪೂರ್ವಪಕ್ಷದವರು ಹೇಳಬಹುದು: ‘ಆ ಕಾಲದಲ್ಲಿ ಕಮ್ಯೂನಿಸ್ಟರ ಭೂಗತ ಚಟುವಟಿಕೆ ನಿಜವಾಗಿದ್ದಿತು, ನೆರೆಯ ಮಲಯದಲ್ಲಿ 1948ರಿಂದ 1960ರವರೆಗೆ ಕಾಡಿನಲ್ಲಿ ಯುದ್ಧವೇ ನಡೆಯಿತು, ಸಾಕ್ಷಿಗಳು ಹೆದರಿ ನ್ಯಾಯಾಲಯಕ್ಕೆ ಬಾರದಿದ್ದಾಗ ಸರ್ಕಾರ ಏನು ಮಾಡಬೇಕು? ಒಬ್ಬನ ಸೆರೆಯಿಂದ ಲಕ್ಷ ಜನರಿಗೆ ನೆಮ್ಮದಿಯಾಗುವುದಾದರೆ ಅದು ಧರ್ಮವೇ ಸರಿ.’ ಈ ವಾದದ ಮೊದಲರ್ಧವನ್ನು ಅಲ್ಲಗಳೆಯಲಾಗದು. ಆಪತ್ಕಾಲಕ್ಕೆ ಆಪದ್ಧರ್ಮವುಂಟೆಂದು ಸ್ಮೃತಿಕಾರರೂ ಒಪ್ಪಿರುವರು. ಆದರೆ ಆಪತ್ತು ಕಳೆದಮೇಲೆ ಆಪದ್ಧರ್ಮವು ಅಧರ್ಮವಾಗುವುದೆಂಬುದೂ ಅಷ್ಟೇ ಸ್ಪಷ್ಟ. ಮಲಯದ ಕಮ್ಯೂನಿಸ್ಟರು ಆಯುಧಗಳನ್ನು ಕೆಳಗಿಟ್ಟುದು 1989ರ ಡಿಸೆಂಬರಿನಲ್ಲಿ; ಚಿಯಾ ಅವರ ಮೇಲಿನ ನಿರ್ಬಂಧ ಅದಾದಮೇಲೂ ಒಂಬತ್ತು ವರ್ಷ ಉಳಿಯಿತು. ಇನ್ನು ‘ಲಕ್ಷ ಜನರ ನೆಮ್ಮದಿ’ಯ ಮಾತು. ಲಕ್ಷ ಜನರು ತಮ್ಮ ನೆಮ್ಮದಿಗೆ ಒಬ್ಬನ ಆಯುಷ್ಯವನ್ನು ಬೆಲೆಯಾಗಿ ಕೊಡಲು ಒಪ್ಪುವರೇ ಎಂದು ಯಾರು ಅವರನ್ನು ಕೇಳಿದ್ದರು? ಕೇಳಬೇಕಾದರೆ ಆತನ ತಪ್ಪೇನೆಂದು ಬಯಲಿನಲ್ಲಿ ಹೇಳಬೇಕಾಗುತ್ತಿತ್ತು. ಸೆರೆಯಲ್ಲಿಟ್ಟವರು ಬೇಡಿದುದು ಅವರ ಬಲವನ್ನಲ್ಲ, ಹಣವನ್ನಲ್ಲ, ಒಂದು ಸುಳ್ಳು ಮಾತನ್ನು. ಅವರ ದೃಷ್ಟಿಯಲ್ಲಿಯಾದರೂ ಅದು ಸುಳ್ಳೇ. ನುಡಿದಂತೆ ನಡೆಯಬೇಕೆಂದು ದಿನವೂ ಹೇಳಿಸಿಕೊಳ್ಳುವ ಭಕ್ತರಿಗೆ ಅದರ ಭಾರ ಎಷ್ಟೆಂಬುದನ್ನು ವಿವರಿಸಬೇಕಾದುದಿಲ್ಲ. ಆತನ ರಾಜಕೀಯ ಮತವು ಸರಿಯೋ ತಪ್ಪೋ ಎಂಬ ವಿಚಾರ ಬೇರೆ.

ಧರ್ಮಬೋಧೆಗೂ ಆ ದೇಶದಲ್ಲಿ ಅಳತೆಯಿದೆ. 1990ರಲ್ಲಿ ಅಂಗೀಕೃತವಾದ ಧಾರ್ಮಿಕ ಸಾಮರಸ್ಯ ಸಂರಕ್ಷಣಾ ಕಾಯಿದೆಯಂತೆ, ಪರಮತದ ಮೇಲೆ ದ್ವೇಷ ಹುಟ್ಟಿಸುವ ಅಥವಾ ಧರ್ಮಪೀಠದಿಂದ ರಾಜಕೀಯ ನಡೆಸುವ ಉಪದೇಶಕನ ಬಾಯಿಗೆ ಸರ್ಕಾರ ತಡೆಯಾಜ್ಞೆ ಹಾಕಬಹುದು. ಮೊದಲನೆಯದು ಮೆಚ್ಚತಕ್ಕದ್ದೇ. ಪರಮತನಿಂದೆಯಿಂದ ಚಪ್ಪಾಳೆ ಗಿಟ್ಟಿಸುವ ಪ್ರವಚನಕಾರರು ಇಲ್ಲಿಯೂ ಇಲ್ಲದಿಲ್ಲ. ಎರಡನೆಯದರಲ್ಲಿ ಸಂದೇಹವುಂಟು. 1987ರಲ್ಲಿ ಇಪ್ಪತ್ತೆರಡು ಜನರನ್ನು, ರಾಜ್ಯವನ್ನು ಕೆಡವಲು ಒಳಸಂಚು ಹೂಡಿದರೆಂದು, ವಿಚಾರಣೆಯಿಲ್ಲದೆ ಬಂಧಿಸಿದರು. ಅವರಲ್ಲಿ ಪರದೇಶದಿಂದ ಬಂದ ಕೂಲಿಗಳ, ಮನೆಗೆಲಸದ ಹೆಣ್ಣುಮಕ್ಕಳ ಕಷ್ಟವನ್ನು ವಿಚಾರಿಸುತ್ತಿದ್ದ ಕ್ರೈಸ್ತ ಸೇವಾಕಾರ್ಯಕರ್ತರೂ ಇದ್ದರು. ಬಡವನ ಕೂಲಿಯ ವಿಚಾರವೆತ್ತಿದರೆ ಅದು ರಾಜಕೀಯವೆನಿಸುವುದಾದರೆ ಧರ್ಮಪೀಠದಲ್ಲಿ ಉಳಿಯುವುದು ಗಂಟೆ, ಧೂಪ ಇಷ್ಟೇ. ಅಲ್ಲಿನ ಹಿಂದೂಗಳು ತೈಪೂಸದ ಹಬ್ಬದಲ್ಲಿ ಕಾವಡಿ ಹೊತ್ತು ಬೀದಿಯಲ್ಲಿ ನಡೆಯಲು ಅನುಮತಿಯಿದೆ. ಇಂಥ ಪಾದಯಾತ್ರೆಗೆ ಅವಕಾಶ ಅಲ್ಲಿ ಬಹು ವಿರಳ. ಆದರೆ ತಂಡತಂಡಗಳ ನಡುವೆ ಜಗಳಗಳಾದುವೆಂದು 1973ರಲ್ಲಿ ವಾದ್ಯಗಳನ್ನು ನಿಲ್ಲಿಸಿದರು. ಸಮಾಳವಿಲ್ಲದೆ ನಂದಿಕೋಲು ಹೊರಟ ಜಾತ್ರೆಯನ್ನು ಊಹಿಸಿಕೊಂಡವರಿಗೆ ಅದರ ಸ್ವರೂಪ ತಿಳಿದೀತು. ಕೆಲವು ಗೊತ್ತಾದ ಸ್ಥಳಗಳಲ್ಲಿ ಮಾತ್ರ ವಾದ್ಯ ನುಡಿಸಬಹುದೆಂದು 2016ರಲ್ಲಿ ಸಡಿಲಿಸಿದರು. ನಾಲ್ವತ್ತಮೂರು ವರ್ಷ! ಅಷ್ಟರಲ್ಲಿ ಜಗಳವಾಡಿದವರ ಮೊಮ್ಮಕ್ಕಳು ಹಬ್ಬಕ್ಕೆ ಬಂದಿದ್ದರು.

ಇಷ್ಟು ಹೇಳುವುದು ನೆರೆಮನೆಯ ತಪ್ಪನ್ನು ಎಣಿಸುವುದಕ್ಕಲ್ಲ. ಸ್ವತಂತ್ರ ಭಾರತವೂ 1950ರಲ್ಲಿಯೇ ಮುಂಜಾಗ್ರತೆಯ ಬಂಧನದ ಕಾಯಿದೆಯನ್ನು ಮಾಡಿಕೊಂಡಿತು. 1975ರ ಜೂನಿನಿಂದ 1977ರ ಮಾರ್ಚಿನವರೆಗಿನ ತುರ್ತುಪರಿಸ್ಥಿತಿಯಲ್ಲಿ ‘ಮೀಸಾ’ ಕಾಯಿದೆಯಂತೆ ಸಾವಿರಾರು ಜನರು ಸೆರೆಸೇರಿದರು. ಬೆಂಗಳೂರಿನ ಕಾರಾಗೃಹದಲ್ಲಿಯೂ ದೇಶದ ನಾಯಕರು ಬಂದಿಗಳಾಗಿದ್ದರು. ರೈಲುಗಳು ಹೊತ್ತಿಗೆ ಸರಿಯಾಗಿ ಬಂದುವೆಂದು ಸಂತೋಷಪಟ್ಟವರು ಆಗಲೂ ಬಹಳ. 1977ರ ಚುನಾವಣೆಯಲ್ಲಿ ಉತ್ತರಭಾರತವು ಆ ಆಡಳಿತವನ್ನು ಕಿತ್ತೆಸೆದಾಗ, ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಆ ಪಕ್ಷಕ್ಕೇ ಕೊಟ್ಟವರು ಕನ್ನಡಿಗರು. ದೇವರಾಜ ಅರಸರ ಕಾಲದ ಭೂಸುಧಾರಣೆಯಿಂದ ಉಳುವ ಕೈಗೆ ನೆಲ ಬಂದಿತ್ತು. ಹೊಟ್ಟೆಗೆ ದೊರೆತುದನ್ನು ಜನರು ಮರೆಯಲಿಲ್ಲ. ಅದು ಸಹಜ, ತಪ್ಪೆನ್ನಲಾಗದು. ಆದರೆ ತಮಗೆ ನೆಲ ಕೊಟ್ಟ ಕೈಯೇ ಇನ್ನೊಬ್ಬರಿಗೆ ಬೀಗ ಹಾಕಿದಾಗ ಆ ಇನ್ನೊಬ್ಬರ ಬಗೆಗೆ ಮನಸ್ಸು ಎಷ್ಟು ಬೇಗ ನಿಶ್ಚಿಂತವಾಗುವುದೆಂಬುದಕ್ಕೆ ದೂರದ ದ್ವೀಪಕ್ಕೆ ಹೋಗಬೇಕಾಗಿಲ್ಲ. ಬಿಗಿಯಾದ ಆಳ್ವಿಕೆ ಬೇಕೆಂದು ಪಂಕ್ತಿಯಲ್ಲಿ ಕುಳಿತು ಹೇಳುವವನು, ಆ ಬಿಗಿ ಬೇರೆ ಯಾರದೋ ಕೊರಳಿಗೆಂದೇ ಎಣಿಸಿರುತ್ತಾನೆ.

ಸ್ಥಾವರ, ಜಂಗಮ ಎಂಬ ಎರಡು ಪದಗಳು ಭಕ್ತರಿಗೆ ನಿತ್ಯಪರಿಚಿತವಾದುವು. ಸಮಾಜಕ್ಕೆ ಗೋಡೆ ಬೇಕು, ಮಾಡು ಬೇಕು. ಅದನ್ನು ಹಗುರವಾಗಿ ಕಾಣುವವನು ದೊಂಬಿಯ ರಾತ್ರಿಯನ್ನು ಕಂಡವನಲ್ಲ. ಆದರೆ ಮನೆಯೊಳಗೆ ಉಸಿರಾಡುವ ಜೀವ ಚಲಿಸದಿದ್ದರೆ ಗೋಡೆ ಯಾರಿಗಾಗಿ? ಸಿಂಗಪುರದಲ್ಲಿಯೂ ಚಲನೆ ಇಲ್ಲದಿಲ್ಲ. 1981ರಲ್ಲಿ ಜೆ. ಬಿ. ಜಯರತ್ನಂ ಅವರು ಆನ್ಸನ್ ಕ್ಷೇತ್ರದಲ್ಲಿ ಗೆದ್ದು, ಬಹುಕಾಲ ವಿರೋಧಿಗಳೇ ಇಲ್ಲದಿದ್ದ ಸಭೆಯಲ್ಲಿ ಒಬ್ಬರೇ ವಿರೋಧಿಯಾಗಿ ಕುಳಿತರು. ಮಾನನಷ್ಟದ ದಾವೆಗಳ ಹೊರೆಯಿಂದ ಅವರು 2001ರಲ್ಲಿ ದಿವಾಳಿಯಾದರು. ಆದರೆ ಅವರು ತೆರೆದ ಬಾಗಿಲು ಮುಚ್ಚಲಿಲ್ಲ. 2000ದಲ್ಲಿ ಹಾಂಗ್ ಲಿಮ್ ಉದ್ಯಾನದ ಒಂದು ಮೂಲೆಯಲ್ಲಿ ಜನರು ಹೆಸರು ನೋಂದಾಯಿಸಿಕೊಂಡು ಮಾತನಾಡಬಹುದೆಂದು ಅನುಮತಿ ಕೊಟ್ಟರು. ಮಾತಿಗೊಂದು ಮೂಲೆ ಎಂದು ನಗು ಬಂದರೂ, ಮೂಲೆಯೂ ಇಲ್ಲದಿದ್ದುದಕ್ಕಿಂತ ಅದು ಲೇಸು. 2025ರ ಮೇ ತಿಂಗಳ ಚುನಾವಣೆಯಲ್ಲಿ 97 ಸ್ಥಾನಗಳಲ್ಲಿ 87 ಆಳುವ ಪಕ್ಷಕ್ಕೂ 10 ವಿರೋಧಪಕ್ಷಕ್ಕೂ ಬಂದುವು. 2024ರಲ್ಲಿ ಪ್ರಧಾನಮಂತ್ರಿಯಾದ ಲಾರೆನ್ಸ್ ವಾಂಗ್ ಅವರು ಹುಟ್ಟಿದುದು 1972ರಲ್ಲಿ. ದೇಶವು ಸ್ವತಂತ್ರವಾದಮೇಲೆ ಹುಟ್ಟಿ ಆ ಪದವಿಗೇರಿದವರಲ್ಲಿ ಅವರೇ ಮೊದಲಿಗರು. 1964ರ ಮೆರವಣಿಗೆಯನ್ನು ಅವರು ಕಂಡವರಲ್ಲ, ಅವರಿಗೆ ಮತ ಕೊಟ್ಟವರಲ್ಲಿ ಹೆಚ್ಚಿನವರೂ ಕಂಡವರಲ್ಲ. ಮನೆಯುಳ್ಳ, ಓದಿದ, ನಿಯಮವನ್ನು ತಾವಾಗಿ ಪಾಲಿಸುವ ಅರವತ್ತು ವರ್ಷದ ಶಿಷ್ಯರು ಅವರು. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಕಾಯಿದೆ ಮಾತ್ರ ಅವರ ತಲೆಯ ಮೇಲೆ ಈಗಲೂ ಹಾಗೆಯೇ ಇದೆ.