ನೋಡುವವನ ಹೊಣೆ

ಪ್ರವಾಸವು ಗೃಹಸ್ಥನಿಗೆ ನಿಷಿದ್ಧವಲ್ಲ. ಹೊಸ ಊರು, ಹೊಸ ಜನ, ಪ್ರಾಚೀನ ಕಟ್ಟಡಗಳನ್ನು ಕಾಣುವುದರಿಂದ ಅರಿವು ವಿಸ್ತಾರಗೊಳ್ಳುತ್ತದೆ. ಆದರೆ ನೋಡುವುದೂ ಒಂದು ಕ್ರಿಯೆಯೆ? ಅದಕ್ಕೂ ಕರ್ಮದ ಲೇಪವುಂಟೆ? ಕೊಚ್ಚಿ ಮಹಾನಗರದ ಪಶ್ಚಿಮದಂಚಿನಲ್ಲಿ ನೀರಿಗೆ ಮುಖಮಾಡಿ ನಿಂತ ಫೋರ್ಟ್ ಕೊಚ್ಚಿ ಮತ್ತು ಮಟ್ಟಾಂಚೇರಿಗಳು ಈ ಪ್ರಶ್ನೆಯನ್ನು ಸಹಜವಾಗಿ ಎತ್ತುತ್ತವೆ. ಕೇರಳಕ್ಕೆ ಹೊರಟ ನಮ್ಮ ಕುಟುಂಬಗಳು ಸಾಮಾನ್ಯವಾಗಿ ನೋಡಿಬರುವ ಸ್ಥಳಗಳಿವು.

ಅಲ್ಲಿಯ ದಡದಲ್ಲಿ ಸಾಲಾಗಿರುವ ಚೀನಾ ಬಲೆಗಳು ಲೋಕಪ್ರಸಿದ್ಧ. ಉದ್ದನೆಯ ತೊಲೆಗಳ ತುದಿಗೆ ವಿಶಾಲವಾದ ಬಲೆ; ಹಿಂಬದಿಯಲ್ಲಿ ಹಗ್ಗಗಳಿಗೆ ಕಟ್ಟಿದ ಕಲ್ಲುಗಳ ಭಾರ. ನಾಲ್ಕಾರು ಮಂದಿ ಕೂಡಿ ಅದನ್ನು ನೀರಿಗಿಳಿಸುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ಎತ್ತುತ್ತಾರೆ. ಸಂಜೆಯ ಬೆಳಕಿನಲ್ಲಿ ಆ ದೃಶ್ಯ ಮನೋಹರವೆಂಬುದು ನಿಜ. ಮೇಲೆದ್ದ ಬಲೆಯಲ್ಲಿ ಜೀವಗಳು ಒದ್ದಾಡುತ್ತಿರುವುದೂ ಅಷ್ಟೇ ನಿಜ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜೀವಾಧಿಕರಣವನ್ನು ವಿವರಿಸುತ್ತ ಸಂರಂಭ, ಸಮಾರಂಭ, ಆರಂಭಗಳೆಂಬ 3. ಮನ, ವಚನ, ಕಾಯಗಳೆಂಬ 3. ಕೃತ, ಕಾರಿತ, ಅನುಮತಗಳೆಂಬ 3. ಕ್ರೋಧಾದಿ ಕಷಾಯಗಳು 4 ಎಂದು ಎಣಿಸುತ್ತಾರೆ. ಇವುಗಳ ಗುಣಾಕಾರದಿಂದ 108 ಭೇದಗಳಾಗುತ್ತವೆ. ಪರರು ಮಾಡಿದ್ದನ್ನು ಮೆಚ್ಚುವ ‘ಅನುಮತ’ವೂ ತಾನೇ ಮಾಡಿದ್ದರೊಡನೆ ಒಂದೇ ಸಾಲಿನಲ್ಲಿ ಎಣಿಕೆಗೆ ಬಂದಿರುವುದನ್ನು ಗಮನಿಸಬೇಕು.

ಹಾಗಾದರೆ ಕಣ್ಣು ಮುಚ್ಚಿಕೊಂಡು ತಿರುಗಬೇಕೆ ಎಂದು ಕೇಳಬಹುದು. ಬೇಕಿಲ್ಲ. ನೋಟವೇ ಪಾಪವಾಗಿದ್ದರೆ ಸಕಲ ಲೋಕವನ್ನೂ ಕಾಣುವ ಕೇವಲಿಗೆ ಬಂಧವಾಗಬೇಕಿತ್ತು. ಬಂಧವಾಗುವುದು ನೋಟದೊಳಗೆ ಬೆರೆತ ರಾಗದಿಂದ. ಬಲೆ ಎಳೆಯುವವನಿಗೆ ಅದು ಹೊಟ್ಟೆಯ ಪಾಡು. ಅವನನ್ನು ಹೀನೈಸುವ ಅಧಿಕಾರ ನಮಗಿಲ್ಲ. ದಡದಲ್ಲಿ ನಿಂತು, ಇನ್ನೂ ಹೆಚ್ಚು ಮೀನು ಬರಲೆಂದು ಕುತೂಹಲದಿಂದ ಕಾಯುವ ನಮಗೆ ಯಾವ ಅಗತ್ಯವಿದೆ? ಪ್ರಯೋಜನವಿಲ್ಲದ ಪಾಪವನ್ನು ಅನರ್ಥದಂಡವೆಂದು ಕರೆದು, ಅದರ ತ್ಯಾಗವನ್ನು ಶ್ರಾವಕನ ಗುಣವ್ರತಗಳಲ್ಲಿ ಸೇರಿಸಿದ ಹಿರಿಯರ ಸೂಕ್ಷ್ಮದೃಷ್ಟಿ ಇಲ್ಲಿ ನೆನಪಾಗುತ್ತದೆ.

ಬಲೆಗೆ ಸಲ್ಲುವ ಈ ಮಾತು ಅಲ್ಲಿಯ ಹಳೆಯ ಕಟ್ಟಡಗಳಿಗೂ ಸಲ್ಲುತ್ತದೆ. 1524ರಲ್ಲಿ ಕೊಚ್ಚಿಯಲ್ಲಿ ಮೃತನಾದ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ. ಅವಶೇಷಗಳನ್ನು ಬಳಿಕ ಪೋರ್ಚುಗಲ್ಲಿಗೆ ಒಯ್ದರು. ಆ ಸ್ಥಳವನ್ನು ಭಕ್ತಿಯಿಂದೆಂಬಂತೆ ನೋಡುವವರು, 1502ರಲ್ಲಿ ಮೆಕ್ಕಾ ಯಾತ್ರೆಯಿಂದ ಮರಳುತ್ತಿದ್ದ ‘ಮಿರಿ’ ಎಂಬ ಹಡಗನ್ನು ಆತ ಯಾತ್ರಿಕರ ಸಮೇತ ಸುಡಿಸಿದ್ದನ್ನು ಅರಿಯಬೇಕು. 1663ರಲ್ಲಿ ಕೊಚ್ಚಿಯನ್ನು ಗೆದ್ದ ಡಚ್ಚರು ಮೆಣಸಿನೊಡನೆ ಮನುಷ್ಯರನ್ನೂ ಗುಲಾಮರನ್ನಾಗಿ ಹಡಗಿಗೇರಿಸಿ ಬಟಾವಿಯಾ ಮತ್ತು ದಕ್ಷಿಣ ಆಫ್ರಿಕದ ಕೇಪ್‌ಗೆ ಸಾಗಿಸಿದರು. ಮೆಣಸಿನ ವ್ಯಾಪಾರವೇ ದೋಷವಲ್ಲ. ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರೇ ಮೆಣಸಿನ ರಾಣಿಯೆಂದು ಕರೆದರು. ಆದರೆ ದ್ವಿಪದ, ಚತುಷ್ಪದಗಳ ಮಾರಾಟವನ್ನು ಕೇಶವಾಣಿಜ್ಯವೆಂದು ಹೆಸರಿಸಿ, ಶ್ರಾವಕನು ಬಿಡಬೇಕಾದ ಉದ್ಯೋಗಗಳಲ್ಲಿ 12ನೆಯ ಶತಮಾನದಲ್ಲಿಯೇ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಸೇರಿಸಿದ್ದರು. ಈ ಸಂಗತಿಗಳನ್ನು ಅರಿಯದೆ ಹೆಂಚಿನ ಮಾಡು, ಬಣ್ಣದ ಗೋಡೆಗಳನ್ನು ಕೊಂಡಾಡುವುದು ಪ್ರಮಾದ. ಅರಿತ ಮೇಲೂ ಆ ವೈಭವವನ್ನೇ ಹಂಬಲಿಸುವುದು ಅನುಮೋದನೆ.

ಮಟ್ಟಾಂಚೇರಿಯಲ್ಲಿ ಗುಜರಾತಿ ಜೈನರು 1904ರಲ್ಲಿ ಕಟ್ಟಿಸಿದ ಧರ್ಮನಾಥ ಜಿನಾಲಯವಿದೆ. ಅಲ್ಲಿ ಮಧ್ಯಾಹ್ನದ ಹೊತ್ತು ಪಾರಿವಾಳಗಳಿಗೆ ಕಾಳು ಹಾಕುವ ಪದ್ಧತಿಯುಂಟು. ಬಲೆಯ ಬಳಿ ಪಟ್ಟ ಹರ್ಷವನ್ನು ಒಂದು ಹಿಡಿ ಕಾಳು ತೊಳೆದುಬಿಡುತ್ತದೆಂದು ಭಾವಿಸುವುದು ಸಲ್ಲದು. ಆ ಕಾಳು ಹಾಕುವವರ ದಯೆಯನ್ನು ಮನಸಾ ಮೆಚ್ಚಿದರೆ ಅದೂ ಅನುಮೋದನೆಯೇ, ಶುಭವಾದ ಅನುಮೋದನೆ. ಏನನ್ನು ಮೆಚ್ಚಬೇಕೆಂಬ ಆಯ್ಕೆ ಪ್ರತಿ ಹೆಜ್ಜೆಗೂ ನಮ್ಮದೇ.

ಯಾತ್ರಾ ಪ್ರವಾಸಗಳನ್ನು ಏರ್ಪಡಿಸುವ ಬಸದಿಗಳ ಆಡಳಿತ ಮಂಡಳಿಗಳು ಇಂಥ ಊರುಗಳನ್ನು ಪಟ್ಟಿಯಿಂದ ತೆಗೆಯಬೇಕಾಗಿಲ್ಲ. ಬಸ್ಸಿನಿಂದ ಇಳಿಯುವ ಮುನ್ನ ಹತ್ತು ನಿಮಿಷ, ಆ ದಡದಲ್ಲಿ ಯಾರು ಏನನ್ನು ಮಾರಿದರು, ಯಾರು ಮಾರಲ್ಪಟ್ಟರು ಎಂಬುದನ್ನು ಮಕ್ಕಳಿಗೆ ತಿಳಿಸಿದರೆ ಸಾಕು. ಬಲೆ ಮೇಲೇಳುವಾಗ ಚಪ್ಪಾಳೆ ತಟ್ಟಬೇಕೋ ಬೇಡವೋ ಎಂಬುದನ್ನು ಆ ಮಕ್ಕಳೇ ನಿರ್ಧರಿಸಬಲ್ಲರು.